ನಿಮಿರು ದೌರ್ಬಲ್ಯ ಮತ್ತು ಪೊಟ್ಯಾಸಿಯಂ: ಗುರಿ ಮುಟ್ಟದ ಒಂದು ಔಷಧದ ಚರಿತ್ರೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಪೊಟ್ಯಾಷ್ ಹೊಸತೇನಲ್ಲ. ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಿ ಅನ್ನುವುದು ಹಳೆಯ ಶಿಫಾರಸು. ಅದೇ ಪೊಟ್ಯಾಸಿಯಂ ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಇದೆ. ಗಂಡಸರು ಡಾಕ್ಟರ ಎದುರೂ ಬಾಯಿಬಿಡದ ನಿಮಿರು ದೌರ್ಬಲ್ಯಕ್ಕೆ ಇದರಲ್ಲೇ ಮದ್ದು ಸಿಗಬಹುದೆಂದು ವಿಜ್ಞಾನಿಗಳು ದಶಕಗಳ ಕಾಲ ಹುಡುಕಿದ್ದಾರೆ.

ಮೊದಲು ಒಳಗೆ ನಡೆಯುವುದೇನು ನೋಡೋಣ. ಶಿಶ್ನದ ಒಳಗಿನ ಸ್ನಾಯು ಸಾಮಾನ್ಯವಾಗಿ ಬಿಗಿದುಕೊಂಡೇ ಇರುತ್ತದೆ. ಅದು ಸಡಿಲಾದಾಗ ಮಾತ್ರ ರಕ್ತ ತುಂಬಿ ನಿಮಿರುವಿಕೆ ಬರುತ್ತದೆ. ಸ್ನಾಯುಕೋಶದ ಹೊರಗಿಗಿಂತ ಒಳಗೆ ಪೊಟ್ಯಾಸಿಯಂ ಸುಮಾರು ಮೂವತ್ತು ಪಟ್ಟು ಹೆಚ್ಚು. ಕೋಶದ ಪೊರೆಯಲ್ಲಿ ಅದಕ್ಕೆಂದೇ ಬಾಗಿಲುಗಳಿವೆ. ಅವೇ ಪೊಟ್ಯಾಸಿಯಂ ಚಾನೆಲ್‌ಗಳು. ನರದಿಂದ ನೈಟ್ರಿಕ್ ಆಕ್ಸೈಡ್ ಬಂದಾಗ ಈ ಬಾಗಿಲು ತೆರೆದು ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ. ಒಳಗಿನ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಬರುವ ದಾರಿ ಮುಚ್ಚುತ್ತದೆ. ಕ್ಯಾಲ್ಸಿಯಂ ಇಲ್ಲದೆ ಸ್ನಾಯು ಬಿಗಿಯಲಾರದು.

1983ರಲ್ಲಿ ಎರಡು ಸಂಗತಿ ನಡೆದವು. ಜಪಾನಿನ ಅಕಿನೋರಿ ನೋಮಾ ಹೃದಯದ ಕೋಶದಲ್ಲಿ ಒಂದು ಬಗೆಯ ಪೊಟ್ಯಾಸಿಯಂ ಚಾನೆಲ್ ಕಂಡುಹಿಡಿದರು. ಅದೇ ವರ್ಷ ಅಮೆರಿಕದ ಲಾಸ್ ವೇಗಸ್‌ನ ವೈದ್ಯರ ಸಭೆಗೆ ಬ್ರಿಟನ್ನಿನ ಗೈಲ್ಸ್ ಬ್ರಿಂಡ್ಲಿ ತಮಗೇ ಔಷಧ ಚುಚ್ಚಿಕೊಂಡು ಬಂದು, ಫಲವನ್ನು ಎಲ್ಲರೆದುರು ತೋರಿಸಿದರು. ನಿಮಿರು ದೌರ್ಬಲ್ಯ ಬರೀ ಮನಸ್ಸಿನ ಕಾಯಿಲೆ ಎಂಬ ನಂಬಿಕೆ ಅಲ್ಲಿಂದ ಸಡಿಲವಾಯಿತು. ಅಂಥ ಧೈರ್ಯಕ್ಕೆ ನನ್ನ ಮನಸ್ಸಿನಲ್ಲಿ ದೊಡ್ಡ ಗೌರವವಿದೆ.

ಬಿಪಿ ಇಳಿಸಲು ಬಂದ ಪಿನಾಸಿಡಿಲ್, ಮಿನಾಕ್ಸಿಡಿಲ್ ನೋಮಾ ಕಂಡುಹಿಡಿದ ಈ ಚಾನೆಲ್ ತೆರೆಯುವ ಔಷಧಗಳು. ಕೂದಲು ಬರಲೆಂದು ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಲೋಷನ್ ಇದೇ ಮಿನಾಕ್ಸಿಡಿಲ್. ಪ್ರಯೋಗಾಲಯದಲ್ಲಿ ಪಿನಾಸಿಡಿಲ್ ಶಿಶ್ನದ ಸ್ನಾಯುವನ್ನು ಚೆನ್ನಾಗಿಯೇ ಸಡಿಲಿಸಿತು. 1991ರಲ್ಲಿ ಇಟಲಿಯ ಕವಾಲಿನಿ ಮಿನಾಕ್ಸಿಡಿಲ್ ಹಚ್ಚಿ ನೋಡಿ ಒಳ್ಳೆಯ ಫಲಿತಾಂಶ ವರದಿ ಮಾಡಿದರು. ಆದರೆ ಮುಂದೆ ಬೇರೆಯವರು ಪರೀಕ್ಷಿಸಿದಾಗ ಆ ಭರವಸೆ ನಿಲ್ಲಲಿಲ್ಲ. ಮುಖ್ಯ ತೊಡಕು ಒಂದೇ: ಇದೇ ಚಾನೆಲ್ ಮೈತುಂಬ ಇದೆ. ಗುಳಿಗೆ ನುಂಗಿದರೆ ಎಲ್ಲ ರಕ್ತನಾಳಗಳೂ ಹಿಗ್ಗಿ ಬಿಪಿ ಕುಸಿಯುತ್ತದೆ.

1998ರ ಮಾರ್ಚ್ 27ರಂದು ಅಮೆರಿಕ ನಿಮಿರು ದೌರ್ಬಲ್ಯದ ಗುಳಿಗೆಯಾದ ಸಿಲ್ಡೆನಾಫಿಲ್‌ಗೆ ಒಪ್ಪಿಗೆ ಕೊಟ್ಟಿತು. ಹೆಚ್ಚಿನ ಸಂಶೋಧಕರು ಅತ್ತ ಹೊರಳಿದರು. ನ್ಯೂಯಾರ್ಕಿನ ಅರ್ನಾಲ್ಡ್ ಮೆಲ್ಮನ್ ಮತ್ತು ಜಾರ್ಜ್ ಕ್ರೈಸ್ಟ್ ಮಾತ್ರ ಹಳೆಯ ದಾರಿ ಬಿಡಲಿಲ್ಲ. ಚಾನೆಲ್ ತೆರೆಯುವ ಔಷಧದ ಬದಲು, ಚಾನೆಲ್ ಕಟ್ಟುವ ಜೀನನ್ನೇ ಶಿಶ್ನದೊಳಗೆ ಚುಚ್ಚಿದರು. 2006ರಲ್ಲಿ ಪ್ರಕಟವಾದ ಮೊದಲ ಮಾನವ ಪ್ರಯೋಗದಲ್ಲಿದ್ದವರು 11 ಮಂದಿ. ಚಿಕಿತ್ಸೆಯಿಂದಾದ ಗಂಭೀರ ತೊಂದರೆ ಕಾಣಲಿಲ್ಲ. ಹೆಚ್ಚು ಪ್ರಮಾಣ ಪಡೆದವರಲ್ಲಿ ಇಬ್ಬರಿಗೆ ಸುಧಾರಣೆ 24 ವಾರ ಉಳಿಯಿತು. ಆದರೆ ಅದು ಸುರಕ್ಷತೆ ನೋಡಲು ಮಾಡಿದ ಪ್ರಯೋಗ. ಹೋಲಿಸಿ ನೋಡಲು ಹುಸಿಮದ್ದು ಪಡೆದ ಗುಂಪು ಇರಲಿಲ್ಲ. ಅಷ್ಟರಿಂದ ಮದ್ದು ಸಿಕ್ಕಿತು ಎನ್ನಲು ಬರುವುದಿಲ್ಲ.

ಹಾಗಾದರೆ ಪೊಟ್ಯಾಸಿಯಂಗೆಂದು ತೋಟದ ಬಾಳೆಹಣ್ಣು ಜಾಸ್ತಿ ತಿಂದರೆ? ಹಣ್ಣು ಒಳ್ಳೆಯದೇ, ಆದರೆ ಈ ಬಾಗಿಲನ್ನು ಅದು ತೆರೆಯುವುದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿರಬೇಕೆಂದು ಕಾಯುವುದು ಮೂತ್ರಪಿಂಡ. ಅದು ಸೋತವರಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎದೆನೋವಿಗೆ ನಿಕೊರಾಂಡಿಲ್ ಅಥವಾ ಸಾರ್ಬಿಟ್ರೇಟ್ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು. ಎರಡೂ ಸೇರಿದರೆ ಬಿಪಿ ಪ್ರಾಣಕ್ಕೆ ಕುತ್ತಾಗುವಷ್ಟು ಇಳಿಯಬಹುದು. ಏನು ಬೆರೆಸಿದ್ದಾರೋ ಗೊತ್ತಿಲ್ಲದ ಪುಡಿ, ಲೇಹ್ಯಗಳನ್ನು ಗುಟ್ಟಾಗಿ ತರಿಸುವವರಿಗೂ ಇದೇ ಎಚ್ಚರಿಕೆ, ಏಕೆಂದರೆ ಅಂಥವುಗಳಲ್ಲಿ ಸಿಲ್ಡೆನಾಫಿಲ್ ಪತ್ತೆಯಾದದ್ದುಂಟು.

ಇನ್ನೊಂದು ಮಾತು. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರ್ನಾಲ್ಕು. ಕೊಬ್ಬು ಕಟ್ಟಿದರೆ ಸಣ್ಣ ನಾಳವೇ ಮೊದಲು ಸೋಲಬಹುದು. ಆದ್ದರಿಂದ ಈ ತೊಂದರೆ ಕೆಲವರಲ್ಲಿ ಹೃದಯಾಘಾತಕ್ಕೆ ವರ್ಷಗಳ ಮೊದಲೇ ಕಾಣಿಸಿಕೊಳ್ಳುತ್ತದೆ. ನಾಚಿಕೆ ಬದಿಗಿಡಿ. ನಿಮ್ಮ ತಾಲೂಕು ಆಸ್ಪತ್ರೆಯಲ್ಲೇ ಶುಗರ್, ಬಿಪಿ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುತ್ತಿರುವ ಎಲ್ಲ ಗುಳಿಗೆಗಳ ಚೀಟಿ ತೋರಿಸಿ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕೇ ಎಂದು ಅಲ್ಲಿನ ಡಾಕ್ಟರನ್ನೇ ಕೇಳಿ.