ಕೂಡಿಯೂ ಬೆರೆಯದ ನೀರು



1542ರ ಜೂನ್ ತಿಂಗಳು. ಫ್ರಾನ್ಸಿಸ್ಕೊ ಡಿ ಒರೆಲ್ಲಾನ ಎಂಬ ಸ್ಪೇನಿನ ದಂಡನಾಯಕ ಹಸಿದ ತಂಡವೊಂದನ್ನು ಕಟ್ಟಿಕೊಂಡು ಅಮೆಜಾನ್ ನದಿಯಲ್ಲಿ ಕೆಳಮುಖವಾಗಿ ಸಾಗುತ್ತಿದ್ದ. ಎಡಗಡೆಯಿಂದ ಇನ್ನೊಂದು ಮಹಾನದಿ ಬಂದು ಕೂಡಿತು. ಅದರ ನೀರು ಮಸಿಯಷ್ಟು ಕಪ್ಪು. ಆ ಕಪ್ಪು ನೀರು ಬೆರೆಯದೆ ಬಹುದೂರ ಹರಿಯಿತೆಂದು ಜೊತೆಯಲ್ಲಿದ್ದ ಪಾದ್ರಿ ಗಾಸ್ಪರ್ ಡಿ ಕಾರ್ವಾಹಾಲ್ ಬರೆದಿಟ್ಟ. ಅಂದು ಒರೆಲ್ಲಾನ ಇಟ್ಟ ರಿಯೊ ನೆಗ್ರೊ, ಅಂದರೆ ಕರಿಹೊಳೆ, ಎಂಬ ಹೆಸರೇ ಇಂದಿಗೂ ಉಳಿದಿದೆ. ಬ್ರೆಜಿಲ್‌ನ ಮನಾಸ್ ನಗರದ ಬಳಿ ಈ ಕಪ್ಪು ನೀರೂ, ಅಲ್ಲಿ ಸೋಲಿಮೋಯಿಸ್ ಎಂದು ಕರೆಸಿಕೊಳ್ಳುವ ಮೇಲ್ಭಾಗದ ಅಮೆಜಾನ್ ನದಿಯ ಕೆಸರು ನೀರೂ ಸುಮಾರು 6 ಕಿಲೋಮೀಟರ್ ಅಕ್ಕಪಕ್ಕದಲ್ಲೇ ಹರಿಯುತ್ತವೆ.

ಇಂಥ ನೋಟ ನಮ್ಮವರಿಗೆ ಹೊಸದಲ್ಲ. ಗಂಗೆಯ ಬಿಳುಪು, ಯಮುನೆಯ ಕಪ್ಪು ಒಂದರೊಳಗೊಂದು ಹೆಣೆದುಕೊಂಡ ಚಂದವನ್ನು ರಘುವಂಶದ 13ನೇ ಸರ್ಗದಲ್ಲಿ ಕಾಳಿದಾಸ ಉಪಮೆಯ ಮೇಲೆ ಉಪಮೆ ಕೊಟ್ಟು ಬಣ್ಣಿಸಿದ್ದಾನೆ. ಆದರೆ ಬಣ್ಣ ಬಂದದ್ದು ಎಲ್ಲಿಂದ ಎಂಬ ಹುಡುಕಾಟ ಬೆಳೆದ ಬಗೆ ಅಮೆಜಾನ್ ಸೀಮೆಯಲ್ಲಿ ಚೆನ್ನಾಗಿ ಕಾಣುತ್ತದೆ.

1800ರಲ್ಲಿ ಅಲ್ಲಿ ಸುತ್ತಾಡಿದ ನಿಸರ್ಗವಿಜ್ಞಾನಿ ಹಂಬೋಲ್ಟ್ ಒಂದು ಸೂಕ್ಷ್ಮ ಗಮನಿಸಿದ: ಕಪ್ಪು ಹೊಳೆಗಳ ದಡದಲ್ಲಿ ಸೊಳ್ಳೆಯ ಕಾಟ ಬಲು ಕಡಿಮೆ. ಆಮೇಲೆ ಬಂದ ಇನ್ನೊಬ್ಬ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್, ತನ್ನ 1853ರ ಪುಸ್ತಕದಲ್ಲಿ ಅಲ್ಲಿನ ನದಿಗಳನ್ನು ಬಿಳಿ, ನೀಲಿ, ಕಪ್ಪು ಎಂದು ವಿಂಗಡಿಸಿದ. ಕಪ್ಪಿಗೆ ಕಾರಣ ಕೊಳೆತ ಎಲೆ, ಬೇರುಗಳ ಸಾರ ಎಂದ. ಅವನ ಮಾತು ಸರಿಯಿತ್ತು. ಆದರೆ ಕಾಡು ನೆಗ್ರೊ, ಸೋಲಿಮೋಯಿಸ್ ಎರಡೂ ನದಿಗಳ ಕಡೆ ಇದೆ, ಎಲೆ ಎರಡೂ ಕಡೆ ಕೊಳೆಯುತ್ತದೆ. ಒಂದೇ ನದಿ ಕಪ್ಪಾದದ್ದೇಕೆ?

1950ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಹರಾಲ್ಡ್ ಸಿಯೋಲಿ ಇದಕ್ಕೆ ಉತ್ತರವನ್ನು ನೆಲದಲ್ಲಿ ಕಂಡರು. ನನ್ನ ಮಟ್ಟಿಗೆ ಈ ಚರಿತ್ರೆಯ ದೊಡ್ಡ ತಿರುವು ಇದೇ. ಸೋಲಿಮೋಯಿಸ್‌ನ ನೀರು ಬರುವುದು ಆಂಡಿಸ್ ಪರ್ವತಗಳಿಂದ. ಅವು ಇನ್ನೂ ಎಳೆಯ ಬೆಟ್ಟಗಳು, ಮಳೆಗೆ ಕರಗಿ ರಾಶಿ ರಾಶಿ ಮಣ್ಣು ಕೊಡುತ್ತವೆ. ನೆಗ್ರೊ ಹರಿಯುವುದು ಕೋಟ್ಯಂತರ ವರ್ಷ ಸವೆದು ಸವೆದು, ಕೊಡಲು ಮಣ್ಣೇ ಉಳಿಯದ ಹಳೆಯ ಶಿಲೆಯ ನೆಲದಲ್ಲಿ. ಅಲ್ಲಿರುವುದು ಬಹುಮಟ್ಟಿಗೆ ಬಿಳಿ ಮರಳು. ಜೇಡಿಮಣ್ಣಾದರೆ ಎಲೆಯ ಸಾರವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮರಳು ಹಿಡಿಯುವುದಿಲ್ಲ. ಹೀಗಾಗಿ ಕಾಡಿನ ಸಾರವೆಲ್ಲ ಹೊಳೆಗಿಳಿಯುತ್ತದೆ. ಲೋಟದಲ್ಲಿ ಹಿಡಿದರೆ ಆ ನೀರು ತೆಳು ಚಹಾದ ಬಣ್ಣ, ಆಳದಲ್ಲಿ ಬೆಳಕನ್ನು ನುಂಗಿ ಕಪ್ಪು.

ಇನ್ನು ಬೆರೆಯದಿರುವುದು. ಸೋಲಿಮೋಯಿಸ್ ವೇಗವಾಗಿ ಓಡುತ್ತದೆ, ಹೂಳು ಹೊತ್ತು ಭಾರವಾಗಿದೆ. ನೆಗ್ರೊ ನಿಧಾನ, ಹಗುರ. ಜೊತೆಗೆ ಇಷ್ಟು ಅಗಲದ ಹೊಳೆಯಲ್ಲಿ ನೀರು ಮುಂದಕ್ಕೆ ನುಗ್ಗುವಷ್ಟು ಸುಲಭವಾಗಿ ಅಡ್ಡಕ್ಕೆ ಹರಡುವುದಿಲ್ಲ.

ಈ ಬಣ್ಣ ಜನರ ಬದುಕನ್ನೂ ಹಂಚಿದೆ. ಕಪ್ಪು ನೀರು ಹುಳಿ, ಅದರಲ್ಲಿ ಲವಣ ತೀರ ಕಡಿಮೆ. ಸೊಳ್ಳೆ ಹೆಚ್ಚಾಗಿ ಬೆಳೆಯದು, ಬೆಳೆಯೂ ಹುಲುಸಾಗಿ ಬಾರದು. ಕೆಸರು ನೀರು ವರ್ಷಕ್ಕೊಮ್ಮೆ ಉಕ್ಕಿ ದಡಕ್ಕೆ ಹೊಸ ಮಣ್ಣು ಹಾಸುತ್ತದೆ. ಮನಾಸ್ ನಗರ ನಿಂತಿರುವುದು ಸೊಳ್ಳೆ ಕಡಿಮೆಯಿರುವ ನೆಗ್ರೊ ದಡದಲ್ಲಿ. ಅದರ ಸಂತೆಗೆ ಬರುವ ಎಷ್ಟೋ ಸೊಪ್ಪು ತರಕಾರಿ ಬೆಳೆಯುವುದು ಸೋಲಿಮೋಯಿಸ್ ಹೂಳು ಹಾಸಿದ, ಇರಾಂಡೂಬ, ಕರೇರೊ ಎಂಬ ಊರುಗಳ ಹೊಲಗಳಲ್ಲಿ.