ಟಿವಿಯಲ್ಲಿ ಕಂಡ ಯುದ್ಧ



2003ರ ಮಾರ್ಚ್‌ನಲ್ಲಿ ಅಮೆರಿಕ ಇರಾಕಿನ ಮೇಲೆ ದಾಳಿ ಮಾಡಿತು. ಅಲ್ಲಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂಬುದೇ ಕೊಟ್ಟ ಕಾರಣ. ಜಗದ್ಗುರು ಎರಡನೇ ಜಾನ್ ಪೌಲರು ಯುದ್ಧ ಬೇಡವೆಂದರು. ದೊಡ್ಡ ದೊಡ್ಡ ಪತ್ರಿಕೆಗಳು ಮಾತ್ರ ಅಸ್ತ್ರಗಳ ಸುದ್ದಿಯನ್ನೇ ಬರೆದವು. ಅಸ್ತ್ರ ಸಿಗಲೇ ಇಲ್ಲ. ತನ್ನ ಕೆಲವು ವರದಿಗಳನ್ನು ಸರಿಯಾಗಿ ಪರೀಕ್ಷಿಸಲಿಲ್ಲವೆಂದು ನ್ಯೂಯಾರ್ಕ್ ಟೈಮ್ಸ್ ಒಪ್ಪಿಕೊಂಡದ್ದು 2004ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಸತ್ತವರು ಸತ್ತಾಗಿತ್ತು.

ನೂರಾರು ವರದಿಗಾರರು ಸೇನೆಯ ಜೊತೆಗೇ ಹೋಗಿದ್ದರು. ಸೈನಿಕರ ಗಾಡಿಯಲ್ಲೇ ಕೂತು, ಅವರ ಜೊತೆಗೇ ಉಂಡವರಿಗೆ ಬಾಂಬು ಬಿದ್ದ ಮನೆಯ ತಾಯಿ ಹೇಗೆ ಕಾಣಿಸ್ತಾಳೆ? ಎಲ್ಲರೂ ಸುಳ್ಳು ಬರೆದರು ಅಂತ ನಾವು ಹೇಳೋದಿಲ್ಲ. ನಿಂತ ಜಾಗ ಅಂಥದ್ದು.

ಏಪ್ರಿಲ್ 9ರಂದು ಬಾಗ್ದಾದಿನ ಫಿರ್ದೌಸ್ ಚೌಕದಲ್ಲಿ ಸದ್ದಾಂ ಪ್ರತಿಮೆ ಉರುಳಿತು. ಟಿವಿಯಲ್ಲಿ ಹತ್ತಿರದಿಂದ ನೋಡಿದರೆ ಜನವೋ ಜನ. ದೂರದಿಂದ ತೆಗೆದ ಚಿತ್ರದಲ್ಲಿ ಚೌಕದ ಬಹುಪಾಲು ಖಾಲಿ! ಪ್ರತಿಮೆಯನ್ನು ಎಳೆದದ್ದೂ ಅಮೆರಿಕ ಸೇನೆಯ ವಾಹನವೇ.

ಸಂಘದ ಲೆಕ್ಕಕ್ಕೆ ಒಬ್ಬರ ಮಾತು ಕೇಳಿ ನಾವು ಸಹಿ ಹಾಕ್ತೀವಾ? ಪಾಸ್‌ಬುಕ್ಕು, ರಸೀದಿ ಎರಡೂ ನೋಡ್ತೀವಲ್ಲ. ಮುಂದಿನ ವಾರದ ಸಭೆಗೆ ಒಂದೇ ದಿನದ ಎರಡು ಬೇರೆ ಬೇರೆ ಪತ್ರಿಕೆ ತನ್ನಿ. ಯುದ್ಧದ ಸುದ್ದಿ ಇದ್ದರೆ ಎರಡನ್ನೂ ಗಟ್ಟಿಯಾಗಿ ಓದೋಣ. ಓದು ಬಾರದವರು ಪ್ರಶ್ನೆ ಕೇಳಲಿ.