ಶಾಲೆಯ ಲೆಕ್ಕ ಶಾಲೆಯ ಅಂಗಳದಲ್ಲಿ

(ಕಳಲೆಯಲ್ಲಿ ಸೇರಿದ್ದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸರಕಾರಿ ಶಾಲೆಗಳ ಕುರಿತ ಸಭೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಈ ಶಾಲೆಗಳಿಗೆ ಮಕ್ಕಳೇ ಬರುತ್ತಿಲ್ಲ, ಆದ್ದರಿಂದ ಅವುಗಳನ್ನು ಮುಚ್ಚುವುದು ಅಥವಾ ವಿಲೀನಗೊಳಿಸುವುದು ಅನಿವಾರ್ಯ ಎಂಬುದು ಒಂದು ಮಾತು. ಈ ಶಾಲೆಗಳ ಕೊಠಡಿಗಳಲ್ಲಿ ಮಕ್ಕಳಿಗೆ ಕೂರಲೂ ಸ್ಥಳವಿಲ್ಲ, ಅಧ್ಯಾಪಕರ ಧ್ವನಿ ಹಿಂದಿನ ಸಾಲಿಗೆ ತಲುಪುವುದಿಲ್ಲ ಎಂಬುದು ಇನ್ನೊಂದು ಮಾತು. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕಲ್ಲವೇ? ಆದರೆ ದುರಂತವೆಂದರೆ, ಎರಡೂ ನಿಜ. ಒಂದು ಹಳ್ಳಿಯ ಶಾಲೆ ಬರಿದಾಗುವಾಗ ಅಲ್ಲಿಂದ ಹೊರಟ ಮಕ್ಕಳಲ್ಲಿ ಶುಲ್ಕ ಕೊಡಬಲ್ಲವರು ಖಾಸಗಿ ಶಾಲೆಯ ವ್ಯಾನು ಹತ್ತುತ್ತಾರೆ. ಉಳಿದವರು ಅಧ್ಯಾಪಕರಿರುವ ಇನ್ನೊಂದು ಸರಕಾರಿ ಶಾಲೆಯನ್ನು ಹುಡುಕುತ್ತಾ ಹೋಗಿ ಅಲ್ಲಿ ದಟ್ಟಣೆಯಾಗುತ್ತಾರೆ. 2019-20ರಲ್ಲಿ ರಾಜ್ಯದ 1,000 ಸರಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ಆರಂಭವಾದಾಗ ತರಗತಿಗೆ 30 ಮಕ್ಕಳೆಂಬ ಮಿತಿಯಿತ್ತು. ಅನೇಕ ಕಡೆ ಅದಕ್ಕಿಂತ ಹೆಚ್ಚು ಅರ್ಜಿಗಳು ಬಂದವು. ಜನರಿಗೆ ಸರಕಾರಿ ಶಾಲೆ ಬೇಡವಾಗಿದೆ ಎಂಬ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ?

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. 2010ರ ಎಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಅಧ್ಯಾಪಕರಿರಬೇಕು. ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರು. ಪ್ರತಿ ಅಧ್ಯಾಪಕರಿಗೂ ಒಂದು ಕೊಠಡಿಯಿರಬೇಕು. ಮಂಜೂರಾದ ಹುದ್ದೆಗಳಲ್ಲಿ ಶೇಕಡಾ ಹತ್ತಕ್ಕಿಂತ ಹೆಚ್ಚು ಖಾಲಿ ಇರಬಾರದು. ಕೇಳಲು ಇದು ಸೊಗಸಾಗಿದೆ. ಆದರೆ ಇದೇ ಕಾಯ್ದೆಯ ಅನುಸೂಚಿಯನ್ನು ಓದಿ ನೋಡಿ. ಐದು ತರಗತಿಗಳಲ್ಲಿ ಒಟ್ಟು 60 ಮಕ್ಕಳಿದ್ದರೆ ಇಬ್ಬರು ಅಧ್ಯಾಪಕರು ಸಾಕು. ಅರವತ್ತಕ್ಕೆ ಇಬ್ಬರು ಎಂದರೆ ಮೂವತ್ತಕ್ಕೆ ಒಬ್ಬರು, ಲೆಕ್ಕ ಸರಿಯಾಯಿತು. ಆದರೆ ಐದು ತರಗತಿಗಳನ್ನು ಇಬ್ಬರು ಹಂಚಿಕೊಳ್ಳುವಾಗ ಒಬ್ಬರ ಮುಂದೆ ಎರಡು ಅಥವಾ ಮೂರು ತರಗತಿಗಳು ಒಟ್ಟಿಗೆ ಕುಳಿತಿರುತ್ತವೆ. ಇಬ್ಬರಲ್ಲಿ ಒಬ್ಬರು ಬಿಸಿಯೂಟದ ವರದಿಗೋ ಚುನಾವಣಾ ಕರ್ತವ್ಯಕ್ಕೋ ಹೋದರೆ ಆ ದಿನ ಐದೂ ತರಗತಿಗಳು ಒಂದೇ ಕೋಣೆಯಲ್ಲಿ. ಸರಾಸರಿಯು ಈ ಕೋಣೆಯನ್ನು ತೋರಿಸುವುದಿಲ್ಲ. ಆದ್ದರಿಂದ ಯಾವುದೇ ಸರಕಾರ ರಾಜ್ಯದ ಸರಾಸರಿಯನ್ನು ಮುಂದಿಟ್ಟು ದಟ್ಟಣೆಯೇ ಇಲ್ಲವೆಂದಾಗ ನಾವು ನಮ್ಮ ಊರಿನ ಕೊಠಡಿಯ ಲೆಕ್ಕವನ್ನು ಕೇಳಬೇಕಾಗುತ್ತದೆ.

ಹಲವು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವುದು ತನ್ನಷ್ಟಕ್ಕೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಅಧ್ಯಾಪಕರೇ ಮುಂದೆ ನಿಂತು ಕಟ್ಟಿದ ಪ್ರಯೋಗ. ಕಾರ್ಡುಗಳು, ಕಲಿಕಾ ಏಣಿ, ಸಣ್ಣ ಗುಂಪುಗಳು, ಓಡಾಡಲು ಜಾಗ ಇವೆಲ್ಲ ಇದ್ದಾಗ ಅದು ಫಲ ಕೊಡುತ್ತದೆ. ಆದರೆ ಒಂದು ಒಳ್ಳೆಯ ಪದ್ಧತಿಯನ್ನು ಅಧ್ಯಾಪಕರ ಕೊರತೆಯನ್ನು ಮುಚ್ಚುವ ಚಾದರವನ್ನಾಗಿ ಬಳಸಿದರೆ ಪದ್ಧತಿಯೂ ಕೆಡುತ್ತದೆ, ಮಕ್ಕಳೂ ಕೆಡುತ್ತಾರೆ.

ಇನ್ನು ಹಣದ ವಿಷಯಕ್ಕೆ ಬರೋಣ. ಸರಕಾರದ ಬಳಿ ಹಣವಿಲ್ಲ ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆ! ವಾಸ್ತವದಲ್ಲಿ ಈ ದೇಶದ ಜನರು ಶಿಕ್ಷಣಕ್ಕೆಂದೇ ಪ್ರತ್ಯೇಕ ತೆರಿಗೆಯನ್ನು ಎರಡು ದಶಕಗಳಿಂದ ಕಟ್ಟುತ್ತಾ ಬಂದಿದ್ದಾರೆ. 2004ರಲ್ಲಿ ಕೇಂದ್ರದ ತೆರಿಗೆಗಳ ಮೇಲೆ ಶೇಕಡಾ 2ರ ಶಿಕ್ಷಣ ಸೆಸ್ ಬಂತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೂ ಶೇಕಡಾ 1 ಸೇರಿತು. 2018ರಲ್ಲಿ ಇವುಗಳ ಬದಲಿಗೆ ಶೇಕಡಾ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಬಂತು. ಆರಂಭದ ವರ್ಷಗಳಲ್ಲಿ ಈ ಸೆಸ್ ಆದಾಯ ತೆರಿಗೆಯ ಮೇಲೆ ಮಾತ್ರವಲ್ಲದೆ ಕಾರ್ಖಾನೆಯ ಸರಕಿನ ಮೇಲಿನ ಅಬಕಾರಿ ಸುಂಕದ ಮೇಲೂ ಇತ್ತು. ಅಂದರೆ ಆದಾಯ ತೆರಿಗೆಯ ಕಚೇರಿಯ ಮುಖವನ್ನೇ ಕಾಣದ ಕೂಲಿಕಾರನೂ ತಾನು ಕೊಂಡ ವಸ್ತುವಿನ ಬೆಲೆಯೊಳಗೆ ಈ ಸೆಸ್ಸನ್ನು ತೆತ್ತಿದ್ದಾನೆ.

ಆ ಹಣದ ಲೆಕ್ಕವೇನಾಯಿತು? ಪ್ರಾಥಮಿಕ ಶಿಕ್ಷಣದ ಸೆಸ್ಸಿಗೆ 2005ರಲ್ಲಿ ಪ್ರಾರಂಭಿಕ ಶಿಕ್ಷಾ ಕೋಶ ಎಂಬ ನಿಧಿ ರೂಪುಗೊಂಡಿತು. ಆದರೆ 2007ರಿಂದ ಸಂಗ್ರಹವಾಗತೊಡಗಿದ ಎರಡನೇ ಸೆಸ್ಸಿಗೆ ನಿಧಿಯೊಂದನ್ನು ಸ್ಥಾಪಿಸಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2017ರ ಆಗಸ್ಟ್‌ನಲ್ಲಿ. ಹತ್ತು ವರ್ಷ ಹಣ ಬಂತು, ಹಣ ಇಡಬೇಕಾದ ಪೆಟ್ಟಿಗೆಯೇ ಇರಲಿಲ್ಲ. 2017-18ರ ಅಂತ್ಯದವರೆಗೆ ಸಂಗ್ರಹವಾದ 94,036 ಕೋಟಿ ರೂಪಾಯಿ ಆ ಉದ್ದೇಶದ ನಿಧಿಗೆ ವರ್ಗವಾಗದೆ ಸರಕಾರದ ಸಾಮಾನ್ಯ ಬೊಕ್ಕಸದಲ್ಲಿಯೇ ಉಳಿದಿತ್ತೆಂದು ಮಹಾಲೇಖಪಾಲರ ವರದಿ ಹೇಳಿತು. ಹಣ ಕಳುವಾಯಿತೆಂದು ವರದಿ ಹೇಳಲಿಲ್ಲ. ನಾವೂ ಹಾಗೆ ಹೇಳಬಾರದು. ಆದರೆ ಶಿಕ್ಷಣದ ಹೆಸರಿನಲ್ಲಿ ಪಡೆದ ರೂಪಾಯಿ ಶಿಕ್ಷಣಕ್ಕೇ ಹೋಯಿತೇ ಎಂಬುದನ್ನು ತೋರಿಸುವ ಜಾಡು ಅಲ್ಲಿ ಅಳಿಸಿ ಹೋಗಿದೆ. ಸಾಲದ್ದಕ್ಕೆ, ಸೆಸ್ ಹಣದಲ್ಲಿ ರಾಜ್ಯಗಳಿಗೆ ಹಕ್ಕಿನ ಪಾಲಿಲ್ಲ. ಕೇಂದ್ರವು ಯೋಜನೆಗಳ ಮೂಲಕ ಕೊಟ್ಟಷ್ಟೇ ಬರುತ್ತದೆ.

ಮೇಲಿನ ಮಟ್ಟದ ಈ ಕಥೆಯನ್ನು ಬಿಟ್ಟು ನಿಮ್ಮ ಮನೆಯ ಪಕ್ಕದ ಶಾಲೆಗೆ ಬನ್ನಿ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಗಳ ವಾರ್ಷಿಕ ಅನುದಾನವನ್ನು ಮಕ್ಕಳ ಸಂಖ್ಯೆಯನ್ನು ನೋಡಿ ನಿಗದಿಪಡಿಸಲಾಗಿದೆ. 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲಾದರೆ ಒಂದು ಲಕ್ಷ. ಇದನ್ನು ಮಕ್ಕಳ ತಲೆಗೆ ಹಂಚಿ ನೋಡಿ. 30 ಮಕ್ಕಳ ಶಾಲೆಯಲ್ಲಿ ಮಗುವಿಗೆ 333 ರೂಪಾಯಿ ಬಂದರೆ 1,000 ಮಕ್ಕಳ ಶಾಲೆಯಲ್ಲಿ ಮಗುವಿಗೆ ಬರುವುದು 75 ರೂಪಾಯಿ. ಸಣ್ಣ ಶಾಲೆಗೂ ಕನಿಷ್ಠ ಖರ್ಚು ಇದ್ದೇ ಇರುತ್ತದೆ, ಆದ್ದರಿಂದ ಅದಕ್ಕೆ ಹೆಚ್ಚು ಕೊಡುವುದು ನ್ಯಾಯವೇ. ಆದರೆ 300 ಮಕ್ಕಳ ಶಾಲೆಗೂ 900 ಮಕ್ಕಳ ಶಾಲೆಗೂ ಒಂದೇ ಮೊತ್ತ ಸಾಕೆಂದು ಹೇಳುವವರು ಆ 900 ಮಕ್ಕಳ ಶೌಚಾಲಯವನ್ನೂ ಕುಡಿಯುವ ನೀರಿನ ನಲ್ಲಿಯನ್ನೂ ಒಮ್ಮೆ ನೋಡಿ ಬರಲಿ. ದಟ್ಟಣೆಯ ಶಾಲೆಗೆ ಜಾಗವೂ ಕಡಿಮೆ, ತಲಾ ಹಣವೂ ಕಡಿಮೆ.

ಕೊಠಡಿಗಳ ವಿಷಯವನ್ನು ತೆಗೆದುಕೊಳ್ಳಿ. 2022ರ ನವೆಂಬರ್‌ನಲ್ಲಿ ಅಂದಿನ ಬೊಮ್ಮಾಯಿ ಸರಕಾರ ವಿವೇಕ ಯೋಜನೆಯಡಿ 7,601 ಕೊಠಡಿಗಳನ್ನು ಸುಮಾರು 992 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಲು ಮುಂದಾಯಿತು. ಆಗ ನಾಡಿನಲ್ಲಿ ನಡೆದ ಚರ್ಚೆ ನಿಮಗೆ ನೆನಪಿರಬಹುದು. ಗೋಡೆಗೆ ಕೇಸರಿ ಬಣ್ಣ ಬಳಿಯಬಹುದೇ ಎಂಬುದೇ ವಾರಗಟ್ಟಲೆ ಚರ್ಚೆಯ ವಸ್ತುವಾಯಿತು. ಆ ವಿರೋಧಕ್ಕೆ ಕಾರಣವಿತ್ತು, ನಿಜ. ಆದರೆ ಮೊತ್ತವನ್ನು ಭಾಗಿಸಿದರೆ ಕೊಠಡಿಯೊಂದಕ್ಕೆ ಸುಮಾರು 13 ಲಕ್ಷ ರೂಪಾಯಿ ಬರುತ್ತದೆ. ಯಾವ ಶಾಲೆಗೆ ಎಷ್ಟು ಕೊಠಡಿ, ಯಾವ ಆಧಾರದ ಮೇಲೆ, ಯಾವ ಗುತ್ತಿಗೆದಾರನಿಗೆ, ಎಷ್ಟು ಕಬ್ಬಿಣ, ಎಷ್ಟು ಸಿಮೆಂಟು ಎಂದು ಕೇಳಿದವರು ಎಷ್ಟು ಮಂದಿ? ಬಣ್ಣದ ಮೇಲೆ ಜಗಳ ಹಚ್ಚಿದರೆ ಗೋಡೆಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ ಎಂಬುದು ಎಲ್ಲ ಪಕ್ಷದವರಿಗೂ ಗೊತ್ತಿರುವ ಸತ್ಯ.

ಅದಕ್ಕೂ ಒಂದು ತಿಂಗಳ ಮುಂಚೆ, ಅಂದರೆ 2022ರ ಅಕ್ಟೋಬರ್‌ನಲ್ಲಿ, ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಅವಕಾಶ ಕೊಡುವ ಸುತ್ತೋಲೆಯೊಂದು ಶಿಕ್ಷಣ ಇಲಾಖೆಯಿಂದ ಹೊರಟಿತು. ವಿರೋಧ ಬಂದ ಕೂಡಲೇ ಅದನ್ನು ಹಿಂತೆಗೆಯಲಾಯಿತು. ನಮ್ಮ ಜನರು ದೇಣಿಗೆಗೆ ಹಿಂಜರಿಯುವವರಲ್ಲ. ಮಸೀದಿಗೆ, ದೇವಸ್ಥಾನಕ್ಕೆ, ಶಾಲೆಗೆ ಕೇಳಿದಾಗ ಕೊಟ್ಟಿದ್ದಾರೆ. ಆದರೆ ಮೊದಲು ಕೊಟ್ಟ ತೆರಿಗೆಯ ಲೆಕ್ಕ ಹೇಳದೆ ಮತ್ತೆ ಕೈ ಚಾಚುವುದು ಸರಿಯೇ? ಈಗ ಇದಕ್ಕೆ ಸಾಲವೂ ಸೇರಿಕೊಂಡಿದೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವನ್ನು ಪಡೆಯುವ ಯೋಜನೆ ಪ್ರಕಟವಾಯಿತು. ಸಾಲವನ್ನು ಇಂದಿನ ಮಂತ್ರಿಗಳು ತೀರಿಸುವುದಿಲ್ಲ. ಇಂದು ಒಂದನೇ ತರಗತಿಯಲ್ಲಿರುವ ಮಗು ದೊಡ್ಡದಾಗಿ ತೆರಿಗೆಯ ಮೂಲಕ ತೀರಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಾಲೆ ಕಟ್ಟಲು ಬಾಂಡ್ ಮೂಲಕ ಸಾಲ ಎತ್ತಬೇಕಾದರೆ ಸ್ಥಳೀಯ ಮತದಾರರ ಒಪ್ಪಿಗೆ ಬೇಕು. 2000ನೇ ಇಸವಿಯಲ್ಲಿ ಅಲ್ಲಿನ ಮತದಾರರು ಅಂಗೀಕರಿಸಿದ ನಿಯಮದ ಪ್ರಕಾರ, ಶೇಕಡಾ 55 ಮತದಿಂದ ಇಂಥ ಸಾಲಕ್ಕೆ ಒಪ್ಪಿಗೆ ಪಡೆದರೆ ಖರ್ಚಿನ ಮೇಲೆ ಕಣ್ಣಿಡಲು ನಾಗರಿಕರ ಸಮಿತಿಯನ್ನು ನೇಮಿಸುವುದು ಮತ್ತು ಪ್ರತಿ ವರ್ಷ ಲೆಕ್ಕ ತಪಾಸಣೆ ಮಾಡಿಸುವುದು ಕಡ್ಡಾಯ. ಅಲ್ಲಿಯೂ ಅನ್ಯಾಯಗಳಿರಬಹುದು. ಆದರೆ ಸಾಲದ ಜೊತೆಗೇ ಲೆಕ್ಕ ಕೇಳುವವರನ್ನೂ ನೇಮಿಸಬೇಕೆಂಬ ತತ್ವ ನಮಗೂ ಬೇಕಾದದ್ದೇ.

ಲೆಕ್ಕ ಕೇಳುವುದು ಈ ನೆಲಕ್ಕೆ ಹೊಸತಲ್ಲ. ಮೈಸೂರಿನ ದಳವಾಯಿಗಳನ್ನು ಕೊಟ್ಟ ಊರು ಈ ಕಳಲೆ. ಈ ಮನೆತನದ ನಂಜರಾಜಯ್ಯನವರು 1750ರ ದಶಕದಲ್ಲಿ ತಿರುಚಿರಾಪಳ್ಳಿಯ ಆಸೆಯಿಂದ ವರ್ಷಗಟ್ಟಲೆ ದಂಡು ಹೂಡಿದರು. ಊರೂ ದಕ್ಕಲಿಲ್ಲ, ಬೊಕ್ಕಸವೂ ಉಳಿಯಲಿಲ್ಲ. 1758ರಲ್ಲಿ ಸಂಬಳ ಬಾಕಿಯಾದ ಸೈನಿಕರು ಅವರ ಬಾಗಿಲಲ್ಲಿಯೇ ಧರಣಿ ಕುಳಿತರು. ಆಗ ಹೈದರ್ ಅಲಿ ಮಧ್ಯೆ ಪ್ರವೇಶಿಸಿ ಲೆಕ್ಕಗಳನ್ನು ಪರಿಶೀಲಿಸಿ ಬಾಕಿಯನ್ನು ತೀರಿಸಿದರು. ಸೈನಿಕರಿಗೆ ಬಾಗಿಲಲ್ಲಿ ಕೂರುವ ಶಕ್ತಿಯಿತ್ತು. ಕೊಠಡಿಯಿಲ್ಲದ ಮಗುವಿಗೆ ಆ ಶಕ್ತಿಯಿಲ್ಲ. ಅದರ ಬಾಕಿಯನ್ನು ಕೇಳಬೇಕಾದವರು ತಂದೆ ತಾಯಂದಿರು.

ಕೇಳುವ ದಾರಿ ಕಾನೂನಿನಲ್ಲಿಯೇ ಇದೆ. ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ತಯಾರಿಸುವುದು ಮತ್ತು ಅನುದಾನದ ಬಳಕೆಯನ್ನು ಗಮನಿಸುವುದು ಅದರ ಕೆಲಸ. ಎಷ್ಟೋ ಕಡೆ ಅಧ್ಯಕ್ಷರು ಚೆಕ್ಕಿಗೆ ಸಹಿ ಹಾಕುವುದಕ್ಕೂ ಆಗಸ್ಟ್ 15ರಂದು ವೇದಿಕೆಯಲ್ಲಿ ಕೂರುವುದಕ್ಕೂ ಮಾತ್ರ ಸೀಮಿತರಾಗಿದ್ದಾರೆ. ಮಹಿಳಾ ಸದಸ್ಯರ ಬದಲು ಅವರ ಗಂಡಂದಿರು ಸಭೆಗೆ ಬರುತ್ತಾರೆ. ಇದು ನಿಲ್ಲಬೇಕು.

ನಮ್ಮ ಸಮುದಾಯದವರಿಗೆ ಇಲ್ಲೊಂದು ಮಾತು ಹೇಳಲೇಬೇಕು. 2006ರ ಸಾಚಾರ್ ವರದಿಯ ಪ್ರಕಾರ ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲಿ ಓದುವವರು ಶೇಕಡಾ 3 ಮಾತ್ರ. ಮದ್ರಸದಲ್ಲಿ ಕಲಿತ ನಾನು ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಬಡ ಮಕ್ಕಳ ಭವಿಷ್ಯ ನಿಂತಿರುವುದು ಸರಕಾರಿ ಶಾಲೆಯ ಮೇಲೆ. ಹೀಗಿರುತ್ತಾ ಉರ್ದು ಶಾಲೆಯ ಪ್ರಶ್ನೆ ಬಂದಾಗ ಮಾತ್ರ ಎದ್ದು ನಿಂತು, ಎಲ್ಲ ಜಾತಿ ಮತಗಳ ಮಕ್ಕಳೂ ಓದುವ ಶಾಲೆಯ ಸಮಿತಿಯಲ್ಲಿ ಮೌನವಾಗಿರುವುದು ವಿವೇಕವಲ್ಲ. ಪಕ್ಕದ ಕೇರಿಯ ದಲಿತ ಸಹೋದರನ ಮಗುವಿಗೆ ಬೆಂಚು ಸಿಕ್ಕಿದರೆ ನಮ್ಮ ಮಗುವಿಗೂ ಸಿಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಗ್ರಾಮ ಪಂಚಾಯತಿಯಲ್ಲಿ ಪ್ರತಿ ವರ್ಷ ಜಮಾಬಂದಿ ನಡೆಯಬೇಕೆಂದು ನಿಯಮವಿದೆ. ಕಾಮಗಾರಿ, ಖರ್ಚು, ದಾಖಲೆಗಳನ್ನು ಅಲ್ಲಿ ಜನರ ಮುಂದೆ ತಾಳೆ ನೋಡಬೇಕು. ಶಾಲೆಗೂ ಅಂತಹ ಒಂದು ದಿನ ಬೇಕು. ವರ್ಷಕ್ಕೊಮ್ಮೆ ಪೋಷಕರೆಲ್ಲರೂ ಅಂಗಳದಲ್ಲಿ ಸೇರಲಿ. ಕೂಲಿಗೆ ಹೋಗುವವರಿಗೆ ಅನುಕೂಲವಾಗುವ ಹೊತ್ತಿನಲ್ಲಿ. ನಾಲ್ಕು ವಿಷಯಗಳನ್ನು ಗಟ್ಟಿಯಾಗಿ ಓದಿ ಹೇಳಲಿ. ಎಷ್ಟು ಮಕ್ಕಳು, ಎಷ್ಟು ಬಳಸಬಹುದಾದ ಕೊಠಡಿಗಳು? ಎಷ್ಟು ಹುದ್ದೆಗಳು ಮಂಜೂರಾಗಿವೆ, ಎಷ್ಟು ತುಂಬಿವೆ, ಅತಿಥಿ ಶಿಕ್ಷಕರೆಷ್ಟು? ಈ ವರ್ಷ ಯಾವ ಲೆಕ್ಕದಲ್ಲಿ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು? ಯಾವ ಕಾಮಗಾರಿ ಯಾರ ಕೈಯಲ್ಲಿ ಎಲ್ಲಿಗೆ ಬಂದಿದೆ? ಓದಿದ್ದನ್ನು ಗೋಡೆಯ ಮೇಲೆ ಬರೆಸಲಿ.

ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಹತ್ತು ರೂಪಾಯಿ ಶುಲ್ಕ, ಒಂದು ವಿಷಯ, 150 ಪದಗಳೊಳಗಿನ ಅರ್ಜಿ, ಉತ್ತರಕ್ಕೆ 30 ದಿನಗಳು. ಕಾಗದವನ್ನು ಕೇಳುವ ಹಕ್ಕು ಮಾತ್ರವಲ್ಲ, ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿಯನ್ನು ಪಡೆಯುವ ಹಕ್ಕನ್ನೂ ಆ ಕಾಯ್ದೆ ಕೊಟ್ಟಿದೆ.

ಒಂದು ಎಚ್ಚರಿಕೆಯ ಮಾತು. ನಮ್ಮ ಪ್ರಶ್ನೆಯ ಬಾಣ ಅಧ್ಯಾಪಕರಿಗೆ ತಾಗದಿರಲಿ. ಮೂರು ತರಗತಿಗಳನ್ನು ಒಬ್ಬರೇ ಎಳೆಯುತ್ತಿರುವವರು ಈ ವ್ಯವಸ್ಥೆಯ ಬಲಿಪಶುಗಳು. ಬಾಯಿ ಬಿಟ್ಟು ಹೇಳಲಾಗದ ಎಷ್ಟೋ ಸಂಗತಿಗಳನ್ನು ಅವರ ಪರವಾಗಿ ಪೋಷಕರು ಕೇಳಬಹುದು. ಮುಖ್ಯಶಿಕ್ಷಕರ ಒಂಟಿ ಪತ್ರ ಕಡತದಲ್ಲಿ ಮಲಗುತ್ತದೆ. ನೂರು ಪೋಷಕರ ಸಹಿಯಿರುವ ನಿರ್ಣಯಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಉತ್ತರಿಸಬೇಕಾಗುತ್ತದೆ.

ಕೊಠಡಿಯೊಂದು ಮೂರು ವರ್ಷ ತಡವಾದರೆ ಗುತ್ತಿಗೆದಾರನಿಗೆ ಹೊಸ ದರದ ಬಿಲ್ಲು ಸಿಗಬಹುದು. ಆದರೆ ಒಂದನೇ ತರಗತಿಯಲ್ಲಿದ್ದ ಮಗು ಓದಲು ಕಲಿಯದೆ ನಾಲ್ಕಕ್ಕೆ ಬಂದಿರುತ್ತದೆ. ಆ ಮೂರು ವರ್ಷಗಳನ್ನು ಯಾವ ಬಜೆಟ್ಟೂ ಮರಳಿಸಲಾರದು. ಆದ್ದರಿಂದ ಮುಂದಿನ ಚುನಾವಣೆಯವರೆಗೆ ಕಾಯುವುದು ಬೇಡ. ಮುಂದಿನ ಸಮಿತಿಯ ಸಭೆ ಯಾವ ದಿನವೆಂದು ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ ಕೇಳಿರಿ. ಆ ದಿನ ತಪ್ಪದೆ ಹಾಜರಿರಿ.